ಅನ್ನದ ಲೆಕ್ಕ ಕೇಳುವ ಮೊದಲು

ಆ ಅಮ್ಮನಿಗೆ ಐವತ್ತೆರಡು ವರ್ಷ. ಸಕ್ಕರೆ ಕಾಯಿಲೆ ಶುರುವಾಗಿ ಒಂಬತ್ತು ವರ್ಷವಾಗಿತ್ತು. ಅವತ್ತು ಬೆರಳು ಚುಚ್ಚಿ ನೋಡಿದಾಗ ಶುಗರ್ 342 ಇತ್ತು. ಹೊರಗೆ ಬೆಂಚಿನ ಮೇಲೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು.

"ಅನ್ನ ಕಮ್ಮಿ ಮಾಡಿ ಅಂತ ಎಷ್ಟು ಸಲ ಹೇಳೋದು ಅಮ್ಮಾ?" ಅಂದೆ.

"ಅನ್ನ ಏನು ಮೇಡಂ, ಊಟನೇ ಬಿಟ್ಟಿದೀನಿ" ಅಂದರು.

ನೆಪ ಹೇಳುತ್ತಿದ್ದಾರೆ ಅಂದುಕೊಂಡೆ. ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ 342 ಬರೆದು, ಸುತ್ತ ಗೆರೆ ಎಳೆದು, ಮುಂದಿನವರನ್ನು ಕರೆದೆ. ಆಮೇಲೆ ಆ ಅಮ್ಮ ನಾಲ್ಕು ತಿಂಗಳು ಬರಲೇ ಇಲ್ಲ. ಬಂದಾಗ ಕಾಲಿನ ಹೆಬ್ಬೆರಳಲ್ಲಿ ಗಾಯವಾಗಿತ್ತು.

ನಾನು ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ, ಅಂದರೆ ಒಬ್ಬರಿಂದ ಒಬ್ಬರಿಗೆ ಹರಡದ ಕಾಯಿಲೆಗಳ ವಿಭಾಗದಲ್ಲಿ, ಕೌನ್ಸೆಲರ್. ಬಿಪಿ, ಶುಗರ್ ಇರುವವರೇ ನಮ್ಮಲ್ಲಿ ಜಾಸ್ತಿ. ಊಟ, ನಡಿಗೆ, ಮಾತ್ರೆ, ಪಾದದ ಆರೈಕೆ ಇಷ್ಟನ್ನು ತಿಳಿಸಿ ಹೇಳುವುದೇ ನನ್ನ ಕೆಲಸ ಅಂತ ತಿಳಿದಿದ್ದೆ. ಗಾಯಕ್ಕೆ ಡ್ರೆಸ್ಸಿಂಗ್ ಆಗುವಾಗ ಪಕ್ಕದಲ್ಲಿ ಕೂತು ಮಾತಾಡಿದ ಮೇಲೆ ಆ ತಿಳುವಳಿಕೆ ಬದಲಾಯಿತು.

ಅವರ ಯಜಮಾನರು ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು. ಮಕ್ಕಳು ಬೆಂಗಳೂರಲ್ಲಿ. "ಒಬ್ಬಳಿಗೆ ಅಂತ ಒಲೆ ಹಚ್ಚೋಕೆ ಮನಸ್ಸೇ ಬರಲ್ಲ ಮೇಡಂ. ಕಾಫಿ ಕುಡ್ಕೊಂಡು ಇದ್ಬಿಡ್ತೀನಿ" ಅಂದರು. ದಿನಕ್ಕೆ ಐದಾರು ಲೋಟ ಕಾಫಿ, ಬೆಲ್ಲ ಹಾಕಿ. ಮಾತ್ರೆ ತಗೋತಿದ್ರಾ ಅಂತ ಕೇಳಿದೆ. "ನೀವೇ ಹೇಳಿದ್ರಲ್ಲ, ಊಟ ಮಾಡದೆ ಮಾತ್ರೆ ತಗೋಬೇಡಿ ಅಂತ" ಅಂದರು.

ಹೌದು, ಹೇಳಿದ್ದೆ. ಶುಗರ್ ಇಳಿಸುವ ಕೆಲವು ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಶುಗರ್ ತೀರಾ ಇಳಿದು ಅಪಾಯವಾಗಬಹುದು. ನನ್ನ ಮಾತನ್ನು ಅವರು ಅಕ್ಷರಶಃ ಪಾಲಿಸಿದ್ದರು. ಊಟ ಇಲ್ಲ, ಹಾಗಾಗಿ ಮಾತ್ರೆಯೂ ಇಲ್ಲ. ಊಟ ಬಿಟ್ಟರೂ ಶುಗರ್ ಏರಿದ್ದು ಹೇಗೆ? ಕಾಫಿಯ ಬೆಲ್ಲ ಒಂದು ಕಡೆ. ಇನ್ನೊಂದು ಕಡೆ, ಹೊಟ್ಟೆ ಖಾಲಿ ಇದ್ದಾಗ ಲಿವರ್ ತನ್ನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ದುಃಖ, ಚಿಂತೆ, ನಿದ್ದೆಗೇಡು ಇದ್ದರೆ ಕಾರ್ಟಿಸಾಲ್, ಅಡ್ರಿನಲಿನ್ ಅನ್ನುವ ಹಾರ್ಮೋನುಗಳು ಹೆಚ್ಚಾಗುತ್ತವೆ. ಅವು ಲಿವರ್‌ನಿಂದ ಇನ್ನಷ್ಟು ಸಕ್ಕರೆ ಹೊರಡಿಸುತ್ತವೆ, ಇನ್ಸುಲಿನ್ ಕೆಲಸಕ್ಕೂ ಅಡ್ಡ ಬರುತ್ತವೆ.

ನಮ್ಮಲ್ಲಿ ಬರುವವರು ಎಷ್ಟೋ ಸಲ ಹೇಳುತ್ತಾರೆ, "ಯೋಚನೆ ಮಾಡಿ ಮಾಡಿಯೇ ನಂಗೆ ಶುಗರ್ ಬಂದಿದ್ದು" ಅಂತ. ಮೊದಲೆಲ್ಲ ನಾನು ತಿದ್ದುತ್ತಿದ್ದೆ. ಅಲ್ಲಮ್ಮ, ತೂಕ, ಊಟ, ವಂಶ ಅಂತ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಕೂಡ ದೀರ್ಘಕಾಲದ ದುಃಖದಿಂದ ಈ ಕಾಯಿಲೆ ಬರುತ್ತದೆ ಎಂದು ಬರೆದಿದ್ದ. ದುಃಖವೊಂದೇ ಕಾರಣ ಅಲ್ಲ, ನಿಜ. ಆದರೆ ಈ ಸಂಬಂಧ ಎರಡೂ ಕಡೆಯಿಂದ ಇದೆ ಅಂತ ಈಗ ಸ್ಪಷ್ಟವಾಗಿ ಗೊತ್ತಿದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆ ಬೇರೆಯವರಿಗಿಂತ ಜಾಸ್ತಿ. ಖಿನ್ನತೆ ಇರುವವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆಯೂ ಜಾಸ್ತಿ.

ಅವತ್ತಿನಿಂದ ಕೇಳುವ ಕ್ರಮ ಬದಲಾಯಿಸಿದೆ. ಅನ್ನದ ಲೆಕ್ಕ ಆಮೇಲೆ, ಮೊದಲು ಎರಡು ಪ್ರಶ್ನೆ. ಇವು ನನ್ನ ಪ್ರಶ್ನೆಗಳಲ್ಲ, ಪಿಎಚ್‌ಕ್ಯೂ-2 ಅಂತ, ಖಿನ್ನತೆ ಇರಬಹುದಾ ಅಂತ ನೋಡಲು ಎಲ್ಲ ಕಡೆ ಬಳಸುವಂಥವು. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ, ಖುಷಿ ಇಲ್ಲ ಅನ್ನಿಸಿದೆಯಾ? ಮನಸ್ಸು ಕುಗ್ಗಿ, ಯಾವ ಭರವಸೆಯೂ ಇಲ್ಲ ಅನ್ನಿಸಿದೆಯಾ? ಇಲ್ಲವೇ ಇಲ್ಲ ಅಂದರೆ 0, ಕೆಲವು ದಿನ ಅಂದರೆ 1, ಅರ್ಧಕ್ಕಿಂತ ಹೆಚ್ಚು ದಿನ ಅಂದರೆ 2, ಹೆಚ್ಚುಕಮ್ಮಿ ದಿನಾ ಅಂದರೆ 3. ಎರಡೂ ಸೇರಿ 3 ಅಥವಾ ಮೇಲೆ ಬಂದರೆ ಒಂಬತ್ತು ಪ್ರಶ್ನೆಯ ಪಟ್ಟಿಗೆ ಹೋಗುತ್ತೇನೆ.

ಮೊದಮೊದಲು ಪುಸ್ತಕದ ಭಾಷೆಯಲ್ಲೇ ಕೇಳಿದೆ. "ಖಿನ್ನತೆ" ಅಂದರೆ ಯಾರೂ ತಲೆ ಆಡಿಸಲಿಲ್ಲ. ನಮ್ಮ ಕಡೆ ಜನ ಹೇಳುವುದೇ ಬೇರೆ. ಬೇಜಾರು. ಯಾವುದೂ ಬೇಡ ಅನ್ಸುತ್ತೆ. ಮನಸ್ಸಿಗೆ ಸಮಾಧಾನ ಇಲ್ಲ. ಸಾಕಾಗಿ ಹೋಗಿದೆ. ಹಾಗಾಗಿ ನಾನೂ ಹಾಗೇ ಕೇಳತೊಡಗಿದೆ. "ಮೊದಲು ಇಷ್ಟಪಟ್ಟು ಮಾಡ್ತಿದ್ದ ಕೆಲಸ ಯಾವುದಮ್ಮಾ? ಈಗ್ಲೂ ಮಾಡ್ತೀರಾ?" ಈ ಒಂದು ಮಾತಿಗೆ ಬರುವಷ್ಟು ಉತ್ತರ ಬೇರೆ ಯಾವುದಕ್ಕೂ ಬರುವುದಿಲ್ಲ. ಹೂವಿನ ಗಿಡಕ್ಕೆ ನೀರು ಹಾಕುವುದು ಬಿಟ್ಟವರು, ಸಂಘದ ಸಭೆಗೆ ಹೋಗುವುದು ಬಿಟ್ಟವರು, ಎಷ್ಟು ಜನ.

ಇನ್ನೊಂದು ತೊಂದರೆ ಇತ್ತು. ಜೊತೆಗೆ ಬಂದವರೇ ಉತ್ತರ ಕೊಡುತ್ತಿದ್ದರು. "ಅಮ್ಮಂಗೆ ಏನೂ ಇಲ್ಲ ಮೇಡಂ, ಚೆನ್ನಾಗೇ ಇದಾರೆ" ಅಂತ ಮಗ ಹೇಳಿದ ಮೇಲೆ ತಾಯಿ ಬಾಯಿ ಬಿಡುತ್ತಾರಾ? ಅದಕ್ಕೆ ಒಂದು ದಾರಿ ಕಂಡುಕೊಂಡೆ. ಚೀಟಿಯನ್ನು ಮೊದಲೇ ಮಗನ ಕೈಗೆ ಕೊಟ್ಟು ಮಾತ್ರೆ ತರಲು ಔಷಧಿ ಕೌಂಟರಿಗೆ ಕಳಿಸುತ್ತೇನೆ. ಆ ಸಾಲಿನಲ್ಲಿ ಹತ್ತು ನಿಮಿಷವಾದರೂ ಬೇಕು. ಆ ಹತ್ತು ನಿಮಿಷ ನಮ್ಮಿಬ್ಬರದು.

ಒಂಬತ್ತು ಪ್ರಶ್ನೆಯ ಪಟ್ಟಿಯಲ್ಲಿ ಒಂದು ಎಚ್ಚರ ಬೇಕು. ಸುಸ್ತು, ನಿದ್ದೆ, ಹಸಿವು ಇವೆಲ್ಲ ಅದರಲ್ಲಿವೆ. ಶುಗರ್ ಜಾಸ್ತಿ ಇರುವವರು ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ. ನಿದ್ದೆ ಕೆಡುತ್ತದೆ, ಬೆಳಗ್ಗೆ ಸುಸ್ತು. ಖಿನ್ನತೆ ಇಲ್ಲದಿದ್ದರೂ ಅಂಕ ಏರುತ್ತದೆ. ಹಾಗಾಗಿ ಒಟ್ಟು ಅಂಕ 10 ದಾಟಿದರೂ ಆ ಮೊದಲ ಎರಡು ಉತ್ತರ ಏನಿತ್ತು ಅಂತ ತಿರುಗಿ ನೋಡುತ್ತೇನೆ. ಕೊನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದನ್ನು ಕೇಳಲು ನನಗೆ ಮೊದಲು ನಾಲಿಗೆಯೇ ಏಳುತ್ತಿರಲಿಲ್ಲ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಆಗುವುದಿಲ್ಲ. ಕೇಳಿದ್ದಕ್ಕೆ ಅತ್ತು ಹಗುರಾದವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಹೌದು ಅಂದವರನ್ನು ಅವತ್ತು ಒಬ್ಬರನ್ನೇ ಮನೆಗೆ ಕಳಿಸುವುದಿಲ್ಲ. ಡಾಕ್ಟರ್ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಮಾತ್ರೆ, ಇನ್ಸುಲಿನ್ ಎಲ್ಲ ಮನೆಯವರ ಕೈಯಲ್ಲಿ ಇರಲಿ ಅಂತ ಹೇಳುತ್ತೇವೆ.

ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಶುರುವಿನಲ್ಲಿ "ಮಂಗಳವಾರ ಬನ್ನಿ, ಮಾನಸಿಕ ತಜ್ಞರನ್ನ ತೋರಿಸೋಣ" ಅಂತ ಬಾಯಿಮಾತಲ್ಲಿ ಹೇಳಿ ಕಳಿಸುತ್ತಿದ್ದೆ. ಹೆಚ್ಚಿನವರು ಬರುತ್ತಿರಲಿಲ್ಲ. ಹುಚ್ಚಿನ ಡಾಕ್ಟರ್ ಹತ್ತಿರ ಹೋದರು ಅಂತ ಊರಲ್ಲಿ ಮಾತಾಗುತ್ತದೆ ಅನ್ನುವ ಭಯ. ಈಗ ಶುಗರ್ ಚೀಟಿಯಲ್ಲೇ ಮಂಗಳವಾರದ ತಾರೀಕು ಬರೆಯುತ್ತೇನೆ. ಅವತ್ತೇ ಶುಗರ್ ಕೂಡ ನೋಡುತ್ತೇವೆ. ಅದೇ ಬೆಂಚು, ಅದೇ ಚೀಟಿ. ಚೀಟಿಯ ಹಿಂದೆ 14416 ಅಂತಲೂ ಬರೆದು ಕೊಡುತ್ತೇನೆ. ಟೆಲಿ ಮನಸ್ ಸಹಾಯವಾಣಿ ಅದು, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿ ಮಾತಾಡಬಹುದು.

ನಾನು ತಪ್ಪು ಮಾಡಿದ ಒಂದು ಸಂಗತಿಯನ್ನೂ ಹೇಳಲೇಬೇಕು. ಒಬ್ಬ ಆಟೋ ಡ್ರೈವರ್ ಅಣ್ಣ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಎದೆ ಡವಡವ, ಬೆವರು, ಕೈ ನಡುಕ, ಸತ್ತೇ ಹೋಗ್ತೀನೇನೋ ಅನ್ನುವ ಗಾಬರಿ ಅಂದರು. ಎರಡು ಪ್ರಶ್ನೆ ಕೇಳಿದೆ, ಆತಂಕದ ತೊಂದರೆ ಅಂದುಕೊಂಡು ಮಂಗಳವಾರದ ತಾರೀಕು ಕೊಟ್ಟೆ. ಆ ಮಂಗಳವಾರ ಬರುವ ಮುಂಚೆಯೇ ಒಂದು ದಿನ ಆಸ್ಪತ್ರೆ ಗೇಟಿನ ಹತ್ತಿರವೇ ಅವರಿಗೆ ಹಾಗಾಯಿತು. ಸಿಸ್ಟರ್ ಬೆರಳು ಚುಚ್ಚಿ ನೋಡಿದರೆ 58. ಬೆಳಗ್ಗೆ ಶುಗರ್ ಇಳಿಸುವ ಗ್ಲಿಮಿಪಿರೈಡ್ ಮಾತ್ರೆ ನುಂಗಿ, ಬಾಡಿಗೆ ಸಿಕ್ಕಿತು ಅಂತ ತಿಂಡಿ ತಿನ್ನದೆ ಹೊರಟಿದ್ದರು. 70ಕ್ಕಿಂತ ಕೆಳಗೆ ಇಳಿದರೆ ದೇಹ ಕೊಡುವ ಸೂಚನೆಯೂ ಗಾಬರಿಯ ಲಕ್ಷಣವೂ ಒಂದೇ ಥರ ಕಾಣುತ್ತವೆ. ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿದು ಕಾಲು ಗಂಟೆಯಲ್ಲಿ ಸರಿಹೋದರು. ಈಗ ಯಾರೇ ಗಾಬರಿ ಅಂದರೂ ಮೊದಲು ಬೆರಳು ಚುಚ್ಚಿ ನೋಡುತ್ತೇವೆ. ಆಮೇಲೆ ಮಾತು.

ಎಲ್ಲರದೂ ಖಿನ್ನತೆಯೂ ಅಲ್ಲ. ಕೆಲವರಿಗೆ ಕಾಯಿಲೆಯ ದಣಿವು. ದಿನಾ ಚುಚ್ಚಿಕೊಳ್ಳುವುದು, ಮದುವೆ ಊಟದಲ್ಲಿ ಎಲೆ ಮುಂದೆ ಕೂತು ಎಲ್ಲದಕ್ಕೂ ಬೇಡ ಬೇಡ ಅನ್ನುವುದು, ಮನೆಯವರೆಲ್ಲ ತಟ್ಟೆ ನೋಡುವುದು. ಅವರಿಗೆ ಮಾತ್ರೆಗಿಂತ ಹೊರೆ ಇಳಿಸುವುದು ಮುಖ್ಯ. ಒಂದೇ ಸಲ ಎಂಟು ನಿಯಮ ಹೇಳುವುದನ್ನು ಬಿಟ್ಟು, ಮುಂದಿನ ಭೇಟಿಯವರೆಗೆ ಒಂದೇ ಒಂದು ಕೆಲಸವನ್ನು ಅವರೇ ಆರಿಸಿಕೊಳ್ಳಲಿ ಅಂತ ಬಿಟ್ಟೆ. ಇನ್ನು ಕೆಲವರಿಗೆ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆಯನ್ನು ವರ್ಷಗಟ್ಟಲೆ ತಗೊಂಡು ವಿಟಮಿನ್ ಬಿ12 ಕಮ್ಮಿಯಾಗಿರುತ್ತದೆ. ಮಾಂಸ ಮುಟ್ಟದವರಾದರೆ ಇನ್ನೂ ಜಾಸ್ತಿ. ಮರೆವು, ಮಂಕು, ಕಾಲು ಜೋಮು ಬಂದಿದ್ದರೆ ಅದನ್ನೂ ಪರೀಕ್ಷಿಸಿ ಅಂತ ಡಾಕ್ಟರಿಗೆ ನೆನಪಿಸುತ್ತೇನೆ.

ಮಂಗಳವಾರದ ಸಾಲಿನಲ್ಲಿ ಬರುವವರನ್ನು ನಾವು ಮರೆತಿದ್ದೆವು. ಒಲಾಂಜಪಿನ್‌ನಂಥ ಕೆಲವು ಮನೋರೋಗದ ಮಾತ್ರೆಗಳಿಂದ ತೂಕ ಏರುತ್ತದೆ, ಶುಗರ್ ಬರಬಹುದು. ಈಗ ಅವರ ತೂಕ, ಸೊಂಟದ ಸುತ್ತಳತೆ, ಶುಗರ್ ಬರೆದಿಡುತ್ತೇವೆ. ಇದನ್ನು ಓದಿ ಯಾರೂ ಆ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ಬದಲಾಯಿಸಬೇಕಾ ಅಂತ ಡಾಕ್ಟರೇ ನೋಡುತ್ತಾರೆ.

ನನ್ನಂಥ ಕೌನ್ಸೆಲರ್ ಕೈಲಿ ಇದೆಲ್ಲ ಆಗುತ್ತದಾ ಅನ್ನುವ ಅನುಮಾನ ನನಗೇ ಇತ್ತು. 2020ರಲ್ಲಿ ಪ್ರಕಟವಾದ ಒಂದು ಭಾರತದ ಅಧ್ಯಯನದ ಬಗ್ಗೆ ತರಬೇತಿಯಲ್ಲಿ ಕೇಳಿದೆ. ಬೆಂಗಳೂರು ಸೇರಿ ನಾಲ್ಕು ಸಕ್ಕರೆ ಕಾಯಿಲೆ ಕ್ಲಿನಿಕ್‌ಗಳಲ್ಲಿ, ಸಕ್ಕರೆ ಕಾಯಿಲೆ ಮತ್ತು ಖಿನ್ನತೆ ಎರಡೂ ಇದ್ದ 404 ಜನರನ್ನು ಸೇರಿಸಿಕೊಂಡಿದ್ದರು. ಅವರಲ್ಲಿ ಒಂದು ಗುಂಪಿನ ಬೆನ್ನಿಗೆ ನಿಂತು ವಿಚಾರಿಸುತ್ತಿದ್ದವರು ಡಾಕ್ಟರುಗಳಲ್ಲ, ಆರೈಕೆ ಸಂಯೋಜಕರು. ತಜ್ಞರು ಹಿಂದಿನಿಂದ ಸಲಹೆ ಕೊಡುತ್ತಿದ್ದರು. ಎರಡು ವರ್ಷದ ನಂತರ ಆ ಗುಂಪಿನಲ್ಲಿ ಮನಸ್ಸು ಹಾಗೂ ಶುಗರ್, ಬಿಪಿ, ಕೊಲೆಸ್ಟರಾಲ್‌ಗಳಲ್ಲಿ ಯಾವುದಾದರೂ ಒಂದು ಜೊತೆಗೇ ಸುಧಾರಿಸಿದವರು ಹೆಚ್ಚಿದ್ದರು. ಅದನ್ನು ಕೇಳಿ ನನಗೆ ತುಂಬಾ ಧೈರ್ಯ ಬಂತು.

ಆ ಅಮ್ಮನ ವಿಷಯ. ಮನೋವೈದ್ಯರು ಮಾತ್ರೆ ಬರೆದರು. ಮೊದಲ ಎರಡು ವಾರ ಏನೂ ಅನ್ನಿಸಲ್ಲ, ನಿಲ್ಲಿಸಬೇಡಿ ಅಂತ ಹೇಳಿ, ವಾರಕ್ಕೊಮ್ಮೆ ನಾನೇ ಫೋನ್ ಮಾಡುತ್ತಿದ್ದೆ. ಶುಗರ್ ಕೇಳುತ್ತಿರಲಿಲ್ಲ, ಏನು ತಿಂದ್ರಿ ಅಂತ ಮಾತ್ರ ಕೇಳುತ್ತಿದ್ದೆ. ಪಕ್ಕದ ಮನೆಯವರು ಮಧ್ಯಾಹ್ನ ಒಂದು ಮುದ್ದೆ, ಸೊಪ್ಪಿನ ಸಾರು ಕಳಿಸತೊಡಗಿದರು. ಊಟ ಆಯಿತು, ಹಾಗಾಗಿ ಮಾತ್ರೆಯೂ ಆಯಿತು. ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಮನಸ್ಸು ಸುಧಾರಿಸಿದ ಕೂಡಲೇ ಶುಗರ್ ತಾನಾಗಿ ಇಳಿಯಲಿಲ್ಲ. ಡಾಕ್ಟರ್ ಇನ್ಸುಲಿನ್ ಕೂಡ ಶುರು ಮಾಡಬೇಕಾಯಿತು.

ಯುಗಾದಿ ಆದ ಮೇಲೆ ಬಂದಾಗ 212 ಇತ್ತು. ನಾನು ಕೇಳುವ ಮೊದಲೇ ಅವರೇ ಹೇಳಿದರು. "ಮೊಮ್ಮಗಳು ಬಂದಿದ್ಲು ಮೇಡಂ. ಒಬ್ಬಟ್ಟು ಮಾಡಿದ್ದೆ. ನಾನೂ ಎರಡು ತಿಂದೆ."

"ನೀವೇ ಮಾಡಿದ್ರಾ?"

"ಮತ್ತಿನ್ಯಾರು? ಬೆಳಗ್ಗೆ ಐದಕ್ಕೇ ಎದ್ದು ಒಲೆ ಹಚ್ಚಿದ್ದೆ."

ಚೀಟಿಯಲ್ಲಿ ನೀಲಿ ಪೆನ್ನಿನಿಂದ 212 ಬರೆದೆ. ಆಮೇಲೆ ಹೂರಣಕ್ಕೆ ಕಡಲೆಬೇಳೆಯಾ ತೊಗರಿಬೇಳೆಯಾ ಅಂತ ಕೇಳಿದೆ.