ಜಗಳದ ಪಾರ್ಕಿನಲ್ಲಿ ಬಸಳೆ ಹಬ್ಬಿಸುವುದು ಹೇಗೆ

ಬೆಂಗಳೂರಿನ ಒಂದೇ ರಸ್ತೆಯಲ್ಲಿ ಐದು ಭಾಷೆಯವರು, ಸ್ವಂತ ಮನೆಯವರು, ಬಾಡಿಗೆಯವರು, ಪಿಜಿ ಹುಡುಗರು ಎಲ್ಲ ಇರುತ್ತಾರೆ. ಜಗಳ ಹುಟ್ಟುವುದು ಮಾತ್ರ ಕಸ, ಪಾರ್ಕಿಂಗ್, ಚೆಂಡಿನಿಂದ. ಹೊಂದಿಕೊಂಡು ಹೋಗೋಣ ಅಂತ ಮೀಟಿಂಗ್ ಕರೆದರೆ ಬರುವವರೂ ಜಗಳ ಆಡುವವರೇ. ಮೀಟಿಂಗ್ ಬಿಡಿ, ಪಾರ್ಕಿನ ಮೂಲೆಯಲ್ಲಿ ಒಂದು ಸೊಪ್ಪಿನ ಪಾತಿ ಮಾಡಿ.

ಮೊದಲು ಪಾಲಿಕೆಯ ತೋಟಗಾರಿಕೆ ವಿಭಾಗದವರ ಒಪ್ಪಿಗೆ ಪಡೆಯಿರಿ, ಇಲ್ಲದಿದ್ದರೆ ಯಾರೋ ದೂರು ಕೊಟ್ಟು ಎಲ್ಲ ಕೀಳಿಸುತ್ತಾರೆ. 10 ಅಡಿ ಉದ್ದ, 4 ಅಡಿ ಅಗಲ ಸಾಕು. ಎರಡೂ ಕಡೆಯಿಂದ ಕೈ ಎಟುಕುತ್ತದೆ.

ಮೆಂತ್ಯ ಹಾಕಿ. ತಿಂಗಳೊಳಗೆ ಕೈಗೆ ಬರುತ್ತದೆ, ಜನಕ್ಕೆ ಆಸೆ ಹುಟ್ಟುತ್ತದೆ. ಪಕ್ಕದಲ್ಲಿ ಬಸಳೆ. ಸುಮ್ನೆ ಹೇಳುತ್ತಿಲ್ಲ. ಮಂಗಳೂರು ಕಡೆಯವರಿಗೆ ಬಸಳೆ ಅಂದರೆ ಪ್ರಾಣ, ತೆಲುಗಿನವರಿಗೆ ಅದೇ ಬಚ್ಚಲಿ, ಬಂಗಾಳಿಗಳಿಗೆ ಪುಂಯಿ ಶಾಕ್. ಮಂಗಳೂರಿನವರಂತೆ ಬಂಗಾಳಿಗಳೂ ಇದಕ್ಕೆ ಸಿಗಡಿ ಹಾಕುತ್ತಾರೆ! ಒಂದು ತುಂಡು ಕಾಂಡ ನೆಟ್ಟರೆ ಸಾಕು, ಬಳ್ಳಿ ಹಬ್ಬುವ ಹೊತ್ತಿಗೆ "ನಿಮ್ಮಲ್ಲಿ ಇದಕ್ಕೇನಂತಾರೆ?" ಅನ್ನುವ ಮಾತು ತಾನಾಗೇ ಶುರುವಾಗಿರುತ್ತದೆ. ಜರ್ಮನಿಯ ಗಟ್ಟಿಂಗನ್‌ನಲ್ಲಿ 1990ರ ದಶಕದಲ್ಲಿ, ಯುದ್ಧದಿಂದ ಓಡಿಬಂದ ಬೋಸ್ನಿಯಾದ ಹೆಂಗಸರಿಗೆ ಎಲ್ಲಕ್ಕಿಂತ ಜಾಸ್ತಿ ನೆನಪಾಗುತ್ತಿದ್ದದ್ದು ಊರಲ್ಲಿ ಬಿಟ್ಟುಬಂದ ಕೈತೋಟವಂತೆ. ಹಲವು ದೇಶದವರು ಸೇರಿ ಬೆಳೆಯುವ ತೋಟ ಅಲ್ಲಿ ಶುರುವಾದದ್ದು ಹಾಗೆ.

ನೀರು ಹಾಕುವ ಪಾಳಿಯೇ ಮುಖ್ಯ. ಪರಿಚಯವಿಲ್ಲದ ಇಬ್ಬರನ್ನು ಜೊತೆ ಮಾಡಿ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು: ಬರೀ ಎದುರುಬದುರು ಸಿಕ್ಕರೆ ಸಾಲದು, ಸರಿಸಮಾನರಾಗಿ ಒಂದೇ ಕೆಲಸಕ್ಕೆ ಕೈ ಹಾಕಬೇಕು. ಅಂದರೆ ಅಸೋಸಿಯೇಷನ್ ಅಧ್ಯಕ್ಷರೂ ಪೈಪ್ ಹಿಡಿಯಬೇಕು. ಮಾಲಿ ಒಬ್ಬರೇ ಅಗೆದು ಉಳಿದವರು ಫೋಟೋ ತೆಗೆಸಿಕೊಂಡರೆ ಏನು ಬಂತು? ಮನೆಗೊಂದು ಪಾತಿ ಅಂತಲೂ ಹಂಚಬೇಡಿ, ನಾಳೆ ಅದಕ್ಕೂ ಬೇಲಿ ಬೀಳುತ್ತದೆ.

ಚೆಂಡಾಡುವ ಹುಡುಗರನ್ನು ಓಡಿಸಬೇಡಿ. ಸಂಜೆ ಒಂದು ಗಂಟೆ ಅವರಿಗೆ ಬಿಟ್ಟುಕೊಡಿ, ಬಸಳೆ ಚಪ್ಪರ ಕಟ್ಟುವ ಕೆಲಸವನ್ನೂ ಅವರಿಗೇ ವಹಿಸಿ. ತಾವೇ ಕಟ್ಟಿದ ಚಪ್ಪರಕ್ಕೆ ಚೆಂಡು ಹೊಡೆಯುವ ಮುಂಚೆ ಸ್ವಲ್ಪ ಯೋಚಿಸುತ್ತಾರೆ, ಅಲ್ವಾ?

ಬಾಡಿಗೆ ಜಗಳ, ಮೈಕ್ ಸದ್ದು ಇದರಿಂದ ಬಗೆಹರಿಯುವುದಿಲ್ಲ. ಆದರೆ ಪೊಲೀಸರಿಗೆ ಫೋನ್ ಮಾಡುವ ಮೊದಲು ತಟ್ಟಬಹುದಾದ ಒಂದು ಬಾಗಿಲಂತೂ ಇರುತ್ತದೆ.

ಕೊಯ್ಲಿನ ದಿನ ಯಾರೆಷ್ಟು ದುಡಿದರು ಅಂತ ಲೆಕ್ಕ ಹಾಕಬೇಡಿ, ಬಂದವರಿಗೆಲ್ಲ ಒಂದೊಂದು ಹಿಡಿ ಕೊಡಿ. ಬಸಳೆಯನ್ನು ಬುಡಸಮೇತ ಕೀಳದೆ ತುದಿ ಕತ್ತರಿಸಿ. ದಪ್ಪ ಕಾಂಡ ಉಳಿದರೆ ಬಿಸಾಡಬೇಡಿ, ಕುಂಡದಲ್ಲಿ ನೆಡಲು ಯಾರಾದರೂ ಕೇಳಿಯೇ ಕೇಳುತ್ತಾರೆ.