ಮುಧೋಳವೋ ಲ್ಯಾಬ್ರಡಾರೋ: ಮರಿ ತರುವ ಮೊದಲು ಹಾಕಬೇಕಾದ ಲೆಕ್ಕ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ದೊಡ್ಡ ನಾಯಿ ಸಾಕಬೇಕು ಅಂದವರು ಕೊನೆಗೆ ಬಂದು ನಿಲ್ಲುವುದು ಹೆಚ್ಚಾಗಿ ಮುಧೋಳ ಬೇಟೆ ನಾಯಿ, ಲ್ಯಾಬ್ರಡಾರ್ ಎಂಬ ಈ ಎರಡು ತಳಿಗಳ ನಡುವೆ. ಎಲ್ಲರೂ ಮೊದಲು ಕೇಳುವುದು ಮರಿಯ ಬೆಲೆ. ಅದು ಒಮ್ಮೆ ಕೊಟ್ಟು ಮುಗಿಯುವ ಹಣ. ಆಮೇಲಿನ ಹತ್ತು ಹನ್ನೆರಡು ವರ್ಷದ ಲೆಕ್ಕ ಬೇರೆಯೇ ಇದೆ. ಊಟದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ಲ್ಯಾಬ್ರಡಾರ್ ದುಡ್ಡು ತಿನ್ನುವುದು ದವಾಖಾನೆಯಲ್ಲಿ ಮತ್ತು ಬೇಸಿಗೆಯಲ್ಲಿ. ಮುಧೋಳ ತಿನ್ನುವುದು ಬೇಲಿಯ ಖರ್ಚನ್ನು ಮತ್ತು ನಿಮ್ಮ ಸಮಯವನ್ನು.

ಊಟದ ಲೆಕ್ಕ

ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. 30 ಕಿಲೋ ಲ್ಯಾಬ್ರಡಾರ್ ಇದ್ದರೆ 30 × 30 × 30 ಮಾಡಿ, ಬಂದ 27,000ಕ್ಕೆ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ. 12.82 ಬರುತ್ತದೆ. ಅದನ್ನು 70ರಿಂದ ಗುಣಿಸಿದರೆ 897: ನಾಯಿ ಸುಮ್ಮನೆ ಮಲಗಿದ್ದರೂ ದಿನಕ್ಕೆ ಬೇಕಾದ ಕ್ಯಾಲೊರಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಮನೆನಾಯಿಗೆ ಇದರ 1.6 ಪಟ್ಟು, ಅಂದರೆ 1,435. ಇದೇ ರೀತಿ 24 ಕಿಲೋ ಮುಧೋಳಕ್ಕೆ 759 ಬರುತ್ತದೆ. ಶಸ್ತ್ರಚಿಕಿತ್ಸೆ ಆಗದೆ, ದಿನಾ ಓಡುವ ನಾಯಿಗೆ 1.8 ಪಟ್ಟು ಹಿಡಿದರೆ 1,366.

ಪಾಕೀಟಿನ ಒಣ ಆಹಾರದಲ್ಲಿ 100 ಗ್ರಾಂಗೆ ಸುಮಾರು 350 ಕ್ಯಾಲೊರಿ ಇರುತ್ತದೆ (ಚೀಲದ ಮೇಲೆ ನೋಡಿಕೊಳ್ಳಿ). ಹಾಗಾದರೆ ಲ್ಯಾಬ್ರಡಾರಿಗೆ ದಿನಕ್ಕೆ 410 ಗ್ರಾಂ, ತಿಂಗಳಿಗೆ 12.3 ಕಿಲೋ, ಮುಧೋಳಕ್ಕೆ 390 ಗ್ರಾಂ, ತಿಂಗಳಿಗೆ 11.7 ಕಿಲೋ. ಕಿಲೋಗೆ 250 ರೂಪಾಯಿ ಎಂದು ಹಿಡಿಯಿರಿ. 3,075 ಮತ್ತು 2,925. ತಿಂಗಳಿಗೆ ನೂರೈವತ್ತು ರೂಪಾಯಿ ವ್ಯತ್ಯಾಸ, ಅಷ್ಟೇ.

ಜೋಳದ ರೊಟ್ಟಿ, ಹಾಲು, ತತ್ತಿ ಹಾಕಿ ಬೆಳೆಸುವುದು ನಮ್ಮ ಕಡೆಯ ಹಳೇ ರೂಢಿ. ತಪ್ಪೇನಿಲ್ಲ, ಆದರೆ ಬೆಳೆಯುವ ಮರಿಗೆ ರೊಟ್ಟಿ ಮಜ್ಜಿಗೆ ಮಾತ್ರ ಹಾಕಿದರೆ ಪ್ರೋಟೀನೂ ಕ್ಯಾಲ್ಸಿಯಮ್ಮೂ ಸಾಲದೆ ಮುಂಗಾಲು ಸೊಟ್ಟಗಾಗುತ್ತವೆ. ಲ್ಯಾಬ್ರಡಾರ್ ಮರಿಗೆ ಆಗುವುದು ಇದರ ಉಲ್ಟಾ ತಪ್ಪು: ಮರಿಗಳ ಪಾಕೀಟಿನ ಆಹಾರದ ಜೊತೆಗೆ ಕ್ಯಾಲ್ಸಿಯಂ ಸಿರಪ್ಪನ್ನೂ ಸುರಿಯುತ್ತಾರೆ. ಹೆಚ್ಚಾದ ಕ್ಯಾಲ್ಸಿಯಂ ದೊಡ್ಡ ತಳಿಯ ಮರಿಯ ಮೂಳೆ ಬೆಳವಣಿಗೆಯನ್ನೇ ಕೆಡಿಸುತ್ತದೆ. ದೊಡ್ಡ ತಳಿಯ ಮರಿಗೆಂದೇ ಇರುವ ಚೀಲ ತನ್ನಿ, ಸಿರಪ್ ಬಿಡಿ.

ಲ್ಯಾಬ್ರಡಾರ್: ತೂಕ, ಕೀಲು, ಬಿಸಿಲು

ಈ ನಾಯಿಗೆ ಹೊಟ್ಟೆ ತುಂಬಿದ್ದೇ ಗೊತ್ತಾಗುವುದಿಲ್ಲ ಎನ್ನುವುದು ತಮಾಷೆಯ ಮಾತಲ್ಲ. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರಿನಲ್ಲಿ ಹಸಿವಿಗೆ ಕಡಿವಾಣ ಹಾಕುವ ಪಿಒಎಂಸಿ ಎಂಬ ಜೀನಿನಲ್ಲೇ ಒಂದು ತುಂಡು ಇಲ್ಲದಿರುವುದನ್ನು ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ತೋರಿಸಿದರು. ಅದಕ್ಕೂ ಮೊದಲು, 2002ರಲ್ಲಿ, 48 ಲ್ಯಾಬ್ರಡಾರುಗಳನ್ನು ಮರಿಯಿಂದ ಸಾವಿನವರೆಗೆ ನೋಡಿಕೊಂಡ ಅಮೆರಿಕದ ಅಧ್ಯಯನ ಪ್ರಕಟವಾಗಿತ್ತು. ಜೊತೆಯ ನಾಯಿಗಿಂತ ಕಾಲು ಭಾಗ ಕಡಿಮೆ ಉಂಡವು ಸುಮಾರು 13 ವರ್ಷ ಬದುಕಿದವು, ಉಳಿದವು 11.2 ವರ್ಷ. ಕೀಲುನೋವೂ ಕಡಿಮೆ ಉಂಡವಕ್ಕೆ ತಡವಾಗಿ ಬಂತು. ಆದ್ದರಿಂದ ಆಹಾರವನ್ನು ತಕ್ಕಡಿಯಲ್ಲಿ ತೂಗಿಯೇ ಹಾಕಿ. ಪಕ್ಕೆಯ ಮೇಲೆ ಬೆರಳಾಡಿಸಿದಾಗ ಎಲುಬು ಒಂದೊಂದಾಗಿ ಸಿಗಬೇಕು. ಒತ್ತಿ ಹುಡುಕಬೇಕಾಗಿ ಬಂದರೆ ನಾಯಿ ದಪ್ಪಗಾಗಿದೆ.

ಸೊಂಟದ ಕೀಲು ಸಡಿಲವಾಗಿ ಕೂರುವ ಹಿಪ್ ಡಿಸ್‌ಪ್ಲೇಸಿಯಾ ವಂಶದಿಂದ ಬರುತ್ತದೆ. ತಂದೆತಾಯಿಯ ಸೊಂಟದ ಎಕ್ಸ್‌ರೇ ತೋರಿಸಿ ಎಂದು ಕೇಳಿ. ಬಹಳ ಮಂದಿ ಮಾರುವವರು ಮುಖ ನೋಡುತ್ತಾರೆ, ನಾಚಿಕೆಪಡದೆ ಕೇಳಿ. ಮನೆಯಲ್ಲಿ ನುಣುಪು ಟೈಲ್ಸ್ ಇದ್ದರೆ ಮರಿ ಓಡಾಡುವ ಕಡೆ ಚಾಪೆ ಹಾಸಿ, ಒಂದು ವರ್ಷದವರೆಗೆ ಮೆಟ್ಟಿಲು ಓಡಿಸಬೇಡಿ.

ಬೆಳಗಾವಿಯ ತಂಪಿಗೆ ಈ ನಾಯಿ ಒಗ್ಗುತ್ತದೆ, ಮಳೆಗಾಲದಲ್ಲಿ ಒದ್ದೆಯಾಗುವ ಜೋಲು ಕಿವಿಯನ್ನು ವಾರಕ್ಕೊಮ್ಮೆ ಮೂಸಿ ನೋಡಿದರಾಯಿತು. ಹುಳಿ ವಾಸನೆ ಬಂದರೆ ಸೋಂಕು. ವಿಜಯಪುರದ ಏಪ್ರಿಲ್, ಮೇ ಬೇರೆ ಮಾತು. 40 ಡಿಗ್ರಿ ದಾಟುವ ಬಿಸಿಲಲ್ಲಿ ಎರಡು ಪದರದ ಕೂದಲಿನ ನಾಯಿಗೆ ಕೂಲರ್ ಬೇಕೇ ಬೇಕು. 200 ವ್ಯಾಟ್ ಕೂಲರ್ ದಿನಕ್ಕೆ 8 ತಾಸು ಓಡಿದರೆ 1.6 ಯೂನಿಟ್, ಮೂರು ತಿಂಗಳಿಗೆ ಸುಮಾರು 144 ಯೂನಿಟ್. ಕೂದಲು ಬೋಳಿಸಬೇಡಿ, ಅದು ಬಿಸಿಲನ್ನೂ ತಡೆಯುತ್ತದೆ. ನಡಿಗೆ ಬೆಳಗಿನ ಆರರೊಳಗೆ ಮುಗಿಯಲಿ. ನಾಯಿ ವಿಪರೀತ ತೇಕುತ್ತ, ತೂರಾಡುತ್ತ, ಗುದದ ಉಷ್ಣತೆ 40.5 ಸೆಲ್ಸಿಯಸ್ ದಾಟಿದರೆ ನಲ್ಲಿಯ ಸಾದಾ ನೀರು ಸುರಿದು ಫ್ಯಾನ್ ಹಾಕಿ, 39.5ಕ್ಕೆ ಇಳಿದಾಗ ನೀರು ನಿಲ್ಲಿಸಿ, ದವಾಖಾನೆಗೆ ಗಾಡಿ ತೆಗೆಯಿರಿ.

ಮುಧೋಳ: ಬೇಲಿ, ಚರ್ಮ, ಹೊಟ್ಟೆ

ಕಡೆಯ ಎರಡು ಮೂರು ಪಕ್ಕೆಲುಬು, ಸೊಂಟದ ಮೂಳೆ ಕಾಣುವುದು ಈ ತಳಿಯ ಸಹಜ ರೂಪ. ನೋಡಿದವರು ‘ಅಯ್ಯೋ, ಊಟ ಹಾಕೂದಿಲ್ಲೇನ್ರೀ’ ಅಂದರು ಎಂದು ಉಣ್ಣಿಸಿ ಕೆಡಿಸಬೇಡಿ. ಆದರೆ ಆ ಮೈಯಲ್ಲಿ ಕೊಬ್ಬಿಲ್ಲ, ಚರ್ಮ ತೆಳು. ಬರಿ ಫರ್ಸಿಯ ಮೇಲೆ ಮಲಗಿದರೆ ಮೊಣಕೈ ಸುಲಿದು ಗಡ್ಡೆ ಕಟ್ಟುತ್ತದೆ. ಹಳೇ ಕೌದಿ ಹಾಸಿ. ಬೆಳಗಾವಿಯ ಡಿಸೆಂಬರ್ ಚಳಿಗೆ ಹೊದಿಕೆಯೂ ಬೇಕು.

ದೊಡ್ಡ ಖರ್ಚು ಬೇಲಿ. ಆರು ಅಡಿಗಿಂತ ಕಡಿಮೆ ಗೋಡೆ ಇದಕ್ಕೆ ಗೋಡೆಯೇ ಅಲ್ಲ. ಮುಳ್ಳುತಂತಿ ಹಾಕಬೇಡಿ: ಮೊಲ ಕಂಡೊಡನೆ ತಂತಿ ಕಾಣದೆ ನುಗ್ಗುತ್ತದೆ, ಚರ್ಮ ಬಟ್ಟೆಯಂತೆ ಹರಿಯುತ್ತದೆ, ಹೊಲಿಗೆಗೆ ದವಾಖಾನೆಗೆ ಓಡಬೇಕು. ಚೈನ್‌ಲಿಂಕ್ ಜಾಲರಿ ಸರಿ. ಮೊಲ ಹಿಡಿಸುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧವೂ ಹೌದು. ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮದ ಅಕ್ಕಪಕ್ಕದ ಹೊಲದವರು ನಾಯಿಯನ್ನು ಬಿಟ್ಟು ಸಾಕುವ ಮಾತೇ ಆಡಬಾರದು. ಹಗ್ಗವಿಲ್ಲದೆ ಓಡಲು ಬೇಲಿಯೊಳಗಿನ ಜಾಗ, ದಿನಕ್ಕೆ ಒಂದು ತಾಸು ನಿಮ್ಮ ಸಮಯ, ಇವೆರಡೂ ಇಲ್ಲದ ಫ್ಲ್ಯಾಟಿನವರಿಗೆ ಈ ನಾಯಿ ಬೇಡ.

ಎದೆ ಆಳವಾದ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು. ಊಟವನ್ನು ಎರಡು ಹೊತ್ತಿಗೆ ಹಂಚಿ, ಉಂಡ ಮೇಲೆ ಒಂದು ತಾಸು ಓಡಿಸಬೇಡಿ. ಹೊಟ್ಟೆ ಡೋಲಿನಂತಾಗಿ, ವಾಂತಿಗೆ ಒಕ್ಕರಿಸಿದರೂ ಏನೂ ಬಾರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಎರಡಕ್ಕೂ ಒಂದೇ

ಲಸಿಕೆ ಖರ್ಚು ಸಮ: ಆರೆಂಟು ವಾರಕ್ಕೆ ಮೊದಲ ಮಿಶ್ರ ಲಸಿಕೆ, 16 ವಾರದವರೆಗೆ 3–4 ವಾರಕ್ಕೊಮ್ಮೆ, ಮೂರು ತಿಂಗಳಾದ ಮೇಲೆ ರೇಬೀಸ್. ಉಣ್ಣಿ ಗುಳಿಗೆಯಲ್ಲಿ ಮಾತ್ರ ತೂಕ ನೋಡಿ ಕೊಳ್ಳಿ. ನೆಕ್ಸ್‌ಗಾರ್ಡ್‌ನಲ್ಲಿ 10–25 ಕಿಲೋದ್ದು ಒಂದು, 25–50ರದ್ದು ಇನ್ನೊಂದು. 24 ಕಿಲೋ ಮುಧೋಳಕ್ಕೆ ಚಿಕ್ಕದೇ ಸಾಕು. ಲ್ಯಾಬ್ರಡಾರಿನ ಕೂದಲಲ್ಲಿ ಉಣ್ಣಿ ಅಡಗಿರುತ್ತದೆ, ಬೆರಳ ಸಂದಿ, ಕಿವಿಯ ಒಳಮಗ್ಗುಲು ಹುಡುಕಿ. ಊಟ ಬಿಟ್ಟು, ಒಸಡು ಬಿಳಿಚಿ, ಮೂಗಿನಿಂದ ರಕ್ತ ಬಂದರೆ ಉಣ್ಣಿ ಜ್ವರದ ಶಂಕೆ. ರಕ್ತಪರೀಕ್ಷೆಗೂ ಸುಮಾರು ನಾಲ್ಕು ವಾರದ ಗುಳಿಗೆಗೂ ಒಂದಿಷ್ಟು ಹಣ ಎತ್ತಿಟ್ಟಿರಿ.

ತಿಕೋಟಾ ಕಡೆಯ ದ್ರಾಕ್ಷಿ ತೋಟದವರಿಗೆ ಒಂದು ಮಾತು: ಒಣದ್ರಾಕ್ಷಿ ಶೆಡ್ಡಿಗೆ ನಾಯಿ ಬಿಡಬೇಡಿ. ದ್ರಾಕ್ಷಿ, ಅದರಲ್ಲೂ ಒಣಗಿದ್ದು, ನಾಯಿಯ ಕಿಡ್ನಿ ಕೆಡಿಸುತ್ತದೆ. ಸಿಕ್ಕಿದ್ದೆಲ್ಲ ನುಂಗುವ ಲ್ಯಾಬ್ರಡಾರಿಗೆ ಅಪಾಯ ಇಮ್ಮಡಿ.

ಮುಧೋಳ ತಂದವರು ಮಾಡಬೇಕಾದ ಒಂದು ಕೆಲಸ

ಕಣ್ಣಿನಿಂದ ನೋಡಿ ಬೇಟೆಯಾಡುವ ಈ ಜಾತಿಯ ನಾಯಿಗಳಿಗೆ (ಇಂಗ್ಲಿಷಿನಲ್ಲಿ ಸೈಟ್‌ಹೌಂಡ್) ಥಯೋಪೆಂಟಾಲ್ ಅರಿವಳಿಕೆ ಕೊಟ್ಟರೆ ತಾಸುಗಟ್ಟಲೆ ಏಳುವುದಿಲ್ಲ, ಕೆಲವೊಮ್ಮೆ ಜೀವಕ್ಕೇ ಕುತ್ತು. ಕೊಬ್ಬು ಕಡಿಮೆ, ಆ ಔಷಧವನ್ನು ಯಕೃತ್ತು ಕರಗಿಸುವುದೂ ನಿಧಾನ. ಪ್ರೊಪೋಫಾಲ್‌ನಂಥ ಬೇರೆ ಔಷಧಗಳಿವೆ. ಲಸಿಕೆ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಪೆನ್ನಿನಿಂದ ‘ಸೈಟ್‌ಹೌಂಡ್, ಥಯೋಪೆಂಟಾಲ್ ಬೇಡ’ ಎಂದು ಬರೆದಿಡಿ. ರಾತ್ರಿ ಹೊತ್ತು ನಾಯಿಯನ್ನು ಎತ್ತಿಕೊಂಡು ಓಡುವವರು ನೀವೇ ಆಗಿರಬೇಕೆಂದಿಲ್ಲ.