ಮನೆಯಲ್ಲೇ ಮಡ್‌ಗಾರ್ಡ್ ಅಂಚು ಮಡಿಸಿದೆ: ನನ್ನ ಅನುಭವ

ಕಾರಿಗೆ ಹೊಸ ಅಲಾಯ್ ರಿಮ್, ಟೈರ್ ಹಾಕಿಸಿ ವಾರವಾಗಿತ್ತು. ಅಣ್ಣ, ಅತ್ತಿಗೆ, ಮಕ್ಕಳನ್ನು ಕೂರಿಸಿಕೊಂಡು ಚಿಕ್ಕಮಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟೆ. ಚಾರ್ಮಾಡಿ ಘಾಟಿಯ ಪ್ರತಿ ತಿರುವಿನಲ್ಲೂ ಹಿಂದಿನಿಂದ ‘ಗರ್ರ್’ ಅಂತ ಸದ್ದು. ಇಳಿದು ನೋಡಿದರೆ ಹಿಂದಿನ ಎರಡೂ ಟೈರಿನ ಹೊರಬದಿಯಲ್ಲಿ ಸುತ್ತಲೂ ಗೀರು ಬಿದ್ದಿತ್ತು. ಮಕ್ಕಳು ಕೂತಿರುವ ಗಾಡಿ, ನಿಜಕ್ಕೂ ಹೆದರಿಕೆಯಾಯಿತು. ಉಳಿದ ದಾರಿಯನ್ನು ತೀರಾ ನಿಧಾನವಾಗಿ ಮುಗಿಸಿದೆ.

ಟೈರ್ ದೊಡ್ಡದಾಯಿತು ಅಂತ ಎಲ್ಲರೂ ಹೇಳಿದರು. ಅದಲ್ಲ. 185/65 ಆರ್15 ಅಳತೆಯ ಟೈರ್ ತೆಗೆದು 195/60 ಆರ್15 ಹಾಕಿದ್ದೆ, ಎತ್ತರ 6.5 ಮಿ.ಮೀ. ಕಡಿಮೆಯೇ ಆಗಿತ್ತು. ತೊಂದರೆ ಇದ್ದದ್ದು ರಿಮ್ಮಿನಲ್ಲಿ. ಅಗಲ ಒಂದು ಇಂಚು ಜಾಸ್ತಿ, ಅಂದರೆ ಹೊರಕ್ಕೆ ಅರ್ಧ ಇಂಚು. ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಗಾಡಿಗೆ ಕೂರುವ ಮುಖಕ್ಕಿರುವ ದೂರ) 7 ಮಿ.ಮೀ. ಕಡಿಮೆ, ಅದೂ ಹೊರಕ್ಕೇ. ಎರಡೂ ಸೇರಿ ಚಕ್ರ ಸುಮಾರು 20 ಮಿ.ಮೀ. ಹೊರಕ್ಕೆ ಬಂದು ಮಡ್‌ಗಾರ್ಡಿಗೆ ತಾಗುತ್ತಿತ್ತು. ರಿಮ್ ಕೊಳ್ಳುವ ಮೊದಲೇ ಈ ಲೆಕ್ಕ ಹಾಕಬೇಕಿತ್ತು.

ಮಡ್‌ಗಾರ್ಡಿನ ಒಳಗೆ ಕೈ ಹಾಕಿದರೆ ಒಂದು ಅಂಚು ಸಿಗುತ್ತದೆ ಅಲ್ವಾ? ನನ್ನ ಗಾಡಿಯಲ್ಲಿ ಅದು 12 ಮಿ.ಮೀ. ಇತ್ತು. ಅದನ್ನು ಮೇಲಕ್ಕೆ ಮಡಿಸಿದರೆ ಅಷ್ಟು ಜಾಗ ಸಿಗುತ್ತದೆ. ಆದರೆ ಎಲ್ಲಿ ತಾಗುತ್ತಿದೆ ಅಂತ ಮೊದಲು ತಿಳಿಯಬೇಕು. ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಹಿಂದೆ ಮೂವರನ್ನು ಕೂರಿಸಿ, ಹಂಪ್‌ಗಳ ಮೇಲೆ ಓಡಿಸಿದೆ. ಟೇಪ್ ಎರಡು ಕಡೆ ಹರಿದಿತ್ತು: ಚಕ್ರದ ನೆತ್ತಿಯ ಮೇಲೆ, ಮತ್ತು ಬಂಪರ್ ಬಂದು ಸೇರುವಲ್ಲಿ. ಬಂಪರ್ ಹತ್ತಿರ ತಾಗುತ್ತಿದ್ದದ್ದು ಒಂದು ಸ್ಕ್ರೂ. ಅದನ್ನು ಬಿಚ್ಚಿಟ್ಟೆ.

ಅಂಚು ಮಡಿಸುವ ರೋಲರ್ ಗೆಳೆಯನ ಹತ್ತಿರ ಇತ್ತು. ಚಕ್ರ ಬಿಚ್ಚಿ, ಅದು ಕೂರುವ ಹಬ್‌ಗೆ ನಟ್ ಹಾಕಿ ರೋಲರನ್ನು ಕೂರಿಸಬೇಕು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಸ್ಟ್ಯಾಂಡ್ ಇಟ್ಟೆ. ಬರೀ ಜಾಕಿ ನಂಬಿ ಗಾಡಿಯ ಕೆಳಗೆ ಕೈ ಹಾಕಬೇಡಿ.

ಇನ್ನು ಬಿಸಿ, ಪೇಂಟ್ ಬಿರಿಯದಿರಲು. ನಮ್ಮ ಬೀದಿಯ ಟಿಂಕರಿಂಗ್ ಕೆಲಸದವರು ಮೊದಲೇ ಹೇಳಿದ್ದರು: “ಸಾರ್, ಪೇಂಟ್ ಬಿಸಿ ಆಗ್ದೆ ರೋಲರ್ ಮುಟ್ಲೇಬೇಡಿ.” ಹೀಟ್ ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ, ಅಂಗೈ ಜಾಸ್ತಿ ಹೊತ್ತು ಇಡಲಾಗದಷ್ಟು, 60 ಡಿಗ್ರಿ ಆಸುಪಾಸಿಗೆ ತಂದೆ. ಆಮೇಲೆ ರೋಲರನ್ನು ಮೆಲ್ಲಗೆ ಒತ್ತಿ ಆಚೆ ಈಚೆ ಆಡಿಸುವುದು. ಒಂದು ಸುತ್ತಿನಲ್ಲಿ ಅಂಚು ಸ್ವಲ್ಪವೇ ಬಾಗಬೇಕು. ಮತ್ತೆ ಬಿಸಿ, ಮತ್ತೆ ಸುತ್ತು. ಹಿಂದಿನ ಅಂಚಿನಲ್ಲಿ ಎರಡು ತಗಡನ್ನು ಸೇರಿಸಿ ಸ್ಪಾಟ್ ವೆಲ್ಡ್ ಮಾಡಿರುತ್ತಾರೆ, ಹಾಗಾಗಿ ಗಟ್ಟಿ. ಆತುರಪಟ್ಟು ಜೋರಾಗಿ ಒತ್ತಿದರೆ ಅಂಚು ಬಾಗುವ ಬದಲು ಹೊರಗಿನ ತಗಡೇ ಅಲೆಅಲೆಯಾಗಿ ಉಬ್ಬುತ್ತದೆ. ಇನ್ನೊಂದು ವಿಷಯ, ಮಡ್‌ಗಾರ್ಡಿನ ಕಮಾನು ಹಬ್‌ನಿಂದ ಎಲ್ಲ ಕಡೆಯೂ ಒಂದೇ ದೂರದಲ್ಲಿ ಇರುವುದಿಲ್ಲ. ರೋಲರಿನ ತೋಳನ್ನು ಆಗಾಗ ಹೊಂದಿಸುತ್ತಲೇ ಇರಬೇಕು.

ಬಲಗಡೆಗೆ ಎರಡು ಗಂಟೆ ಹಿಡಿಯಿತು. ಒಂದು ಗೆರೆಯೂ ಬೀಳಲಿಲ್ಲ. ಎಡಗಡೆ ಮಾಡುವಾಗ ಸಂಜೆಯಾಗಿತ್ತು, ಗಾಳಿ ತಣ್ಣಗಿತ್ತು. ಕೊನೆಯ ಸುತ್ತಿನಲ್ಲಿ ಬಿಸಿ ಸಾಲದೆ ನಾಲ್ಕು ಬೆರಳಗಲ ಪೇಂಟ್ ಬಿರಿಯಿತು. ಬಿಸಿ ಮಾಡಲು ಇನ್ನೆರಡು ನಿಮಿಷ ಕೊಟ್ಟಿದ್ದರೆ ಸಾಕಿತ್ತು, ಅದಕ್ಕೆ ಇವತ್ತಿಗೂ ಬೇಸರವಿದೆ.

ಬಿರಿದ ಜಾಗವನ್ನು ಎಮರಿ ಪೇಪರಿನಲ್ಲಿ ಉಜ್ಜಿ ಪ್ರೈಮರ್, ಮೇಲೆ ಬಣ್ಣ ಹಚ್ಚಿದೆ. ಪೇಂಟ್ ಚೆನ್ನಾಗಿದ್ದ ಬಲಗಡೆಯಲ್ಲೂ ಮಡಿಕೆಯೊಳಗಿನ ಹಳೇ ಸೀಲರ್ (ಸಂದಿಗೆ ನೀರು ಹೋಗದಂತೆ ತುಂಬುವ ಅಂಟು) ಒಡೆದಿತ್ತು. ಹೊರಗಿನಿಂದ ಅದು ಕಾಣುವುದೇ ಇಲ್ಲ. ಹಾಗೇ ಬಿಟ್ಟರೆ ನಮ್ಮ ಕಡೆಯ ಮಳೆಗೆ ನೀರು, ಕೆಸರು ಎಲ್ಲ ಅಲ್ಲೇ ಕೂತು ತಗಡನ್ನು ಒಳಗಿನಿಂದ ತಿನ್ನುತ್ತದೆ. ಎರಡೂ ಕಡೆ ಚೆನ್ನಾಗಿ ಒಣಗಿಸಿ ಹೊಸ ಸೀಲರ್ ತುಂಬಿದೆ.

ಮತ್ತೆ ಟೇಪ್ ಅಂಟಿಸಿ ಅದೇ ಮೂವರೊಂದಿಗೆ ಅದೇ ಹಂಪ್‌ಗಳ ಮೇಲೆ ಹೋದೆ. ಟೇಪ್ ಹರಿಯಲಿಲ್ಲ. ಗೀರು ಬಿದ್ದಿದ್ದ ಆ ಎರಡು ಟೈರನ್ನು ಮಾತ್ರ ಬದಲಾಯಿಸಿದೆ. ಮಳೆಗಾಲ ಮುಗಿದ ಮೇಲೆ ಚಕ್ರ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಎಡಗಡೆ ಪೇಂಟ್ ಬಿರಿದಿದ್ದ ಕಡೆ ಸಾಸಿವೆಯಷ್ಟು ತುಕ್ಕು ಎದ್ದಿತ್ತು. ಅಲ್ಲಿಗೆ ಮತ್ತೆ ಪ್ರೈಮರ್ ಹಚ್ಚಿದ್ದೇನೆ.